ಗ್ಯಾರೇಜ್ ಬ್ಯಾಂಡಿನ ಸದ್ದು: ದೂರು ಕೊಡೋಣವಾ, ಬೇಡವಾ?

ಮೂಲೆ ಮನೆ: ನಿನ್ನೆಯೂ ರಾತ್ರಿ 9.30ರವರೆಗೆ ಡ್ರಮ್. ಮಗು ಬೆಚ್ಚಿ ಬೆಚ್ಚಿ ಏಳುತ್ತೆ. ಹುಡುಗರು ಬ್ಯಾಂಡ್ ಕಟ್ಟಲಿ, ಬೇಡ ಅನ್ನಲ್ಲ. ಆದರೆ ಒಂದೇ ಹಾಡಿನ ಮೊದಲ ನಾಲ್ಕು ಸಾಲು ಎಷ್ಟು ಸಲ ಕೇಳೋದು?

ಎದುರು ಮನೆ: ದೂರು ಬರೆಯೋಣ. ಯಾರ‍್ಯಾರು ಸಹಿ ಹಾಕ್ತೀರಿ?

ಡ್ರಮ್ಮರ್ ಅಮ್ಮ: ಗೋಡೆಗೆಲ್ಲ ಮೊಟ್ಟೆ ಟ್ರೇ ಅಂಟಿಸಿದ್ದೇವೆ ಸರ್. ಇನ್ನೇನು ಮಾಡಬೇಕು, ನೀವೇ ಹೇಳಿ.

ಹಿಂದಿನ ಬೀದಿ: ನನ್ನದು ಸೌಂಡ್ ಕೆಲಸ, ಅದಕ್ಕೇ ಹೇಳ್ತೀನಿ ಮೇಡಂ. ಟ್ರೇ ಒಳಗಿನ ಮಾರ್ದನಿಯನ್ನು ಒಂಚೂರು ತಗ್ಗಿಸುತ್ತೆ, ಸದ್ದು ಹೊರಗೆ ಬರೋದನ್ನು ತಡೆಯಲ್ಲ. ಕಿಡಿ ಬಿದ್ದರೆ ಬೇಗ ಹತ್ತಿಕೊಳ್ಳುತ್ತೆ ಬೇರೆ, ತೆಗೆದುಬಿಡಿ. ಸದ್ದನ್ನು ತಡೆಯೋದು ಭಾರವಾದ ವಸ್ತು. ನಿಮ್ಮ ಶಟರ್ ತೆಳು ತಗಡು, ಕೆಳಗೆ ಎರಡು ಬೆರಳು ತೂರುವಷ್ಟು ಸಂದು. ಗಾಳಿ ಬರುವ ಕಡೆ ಸದ್ದೂ ಬರುತ್ತೆ. ಮೊದಲು ಅಲ್ಲಿಗೆ ರಬ್ಬರ್ ಪಟ್ಟಿ ಹಾಕಿಸಿ. ಬೇಸ್ ಗಿಟಾರಿನ ಆಂಪ್ (ಸದ್ದು ಜೋರು ಮಾಡುವ ಪೆಟ್ಟಿಗೆ) ಬರಿ ನೆಲದ ಮೇಲಿದ್ದರೆ ನಡುಕ ಗೋಡೆಗೂ ಹತ್ತುತ್ತೆ, ಅಡಿಗೆ ದಪ್ಪ ಫೋಮ್ ಇಡಿ. ಇಷ್ಟಾದರೂ ಬೇಸ್ ಪೂರ್ತಿ ನಿಲ್ಲಲ್ಲ.

ಇನ್ನೊಂದು ಮಾತು. ಆ ಕೋಣೆಯಲ್ಲಿ ಡ್ರಮ್ ಸದ್ದು ಸಲೀಸಾಗಿ 100 ಡೆಸಿಬೆಲ್ ಮುಟ್ಟುತ್ತೆ. ಅಷ್ಟು ಸದ್ದಿನಲ್ಲಿ ಕೆಲಸ ಮಾಡುವವರಿಗೆ ಅಮೆರಿಕದ ನಿಯೋಶ್ (ಕೆಲಸದ ಜಾಗದ ಸುರಕ್ಷತೆ, ಆರೋಗ್ಯದ ಸರ್ಕಾರಿ ಸಂಸ್ಥೆ) ಹೇಳುವ ಮಿತಿ ದಿನಕ್ಕೆ 15 ನಿಮಿಷ. ನಮ್ಮ ನಿದ್ದೆ ಹಾಗಿರಲಿ, ಹುಡುಗರಿಗೆ ಮೊದಲು ಇಯರ್‌ಪ್ಲಗ್ ಕೊಡಿಸಿ.

ಪಾರ್ಕ್ ಪಕ್ಕದ ಮನೆ: ದೂರು ಯಾಕೆ, ಇಂಥ ಬ್ಯಾಂಡ್‌ಗಳಿಗೆ ಆಯುಸ್ಸೇ ಕಮ್ಮಿ. 1964ರ ಫೆಬ್ರವರಿ 9ರಂದು ಇಂಗ್ಲೆಂಡಿನ ಬೀಟಲ್ಸ್ ಬ್ಯಾಂಡ್ ಅಮೆರಿಕದ ಟಿವಿಯಲ್ಲಿ ನುಡಿಸಿದಾಗ ಸುಮಾರು 7.3 ಕೋಟಿ ಜನ ನೋಡಿದರು. ಆಮೇಲೆ ಅಲ್ಲಿನ ಬಡಾವಣೆಗಳಲ್ಲಿ ಎಲ್ಲಿ ನೋಡಿದರೂ ಗ್ಯಾರೇಜ್ ಬ್ಯಾಂಡ್. ಪಕ್ಕಕ್ಕೊಂದು ಹಾಡಿನ ಒಂದು ಚಿಕ್ಕ ರೆಕಾರ್ಡ್ (45 ಆರ್‌ಪಿಎಂ) ಹೊರಗೆ ಬಂದರೆ ಅದೇ ಜಾಸ್ತಿ. ಅಷ್ಟರಲ್ಲಿ ಒಬ್ಬ ಕಾಲೇಜಿಗೆ ಹೋದ, ಇನ್ನೊಬ್ಬನಿಗೆ ವಿಯೆಟ್ನಾಂ ಯುದ್ಧಕ್ಕೆ ಕರೆ ಬಂತು. ಮುಗೀತು.

ಗಿಟಾರ್ ಹುಡುಗ: ನಮ್ಮದೂ ಅಷ್ಟೇ ಅಂಕಲ್. ಪರೀಕ್ಷೆ ಮುಗಿದರೆ ಬೇಸ್ ನುಡಿಸೋನು ಬೇರೆ ಊರಿಗೆ ಓದೋಕೆ ಹೋಗ್ತಾನೆ. ಅಷ್ಟರೊಳಗೆ ಶಾಲೆಯ ಕಾರ್ಯಕ್ರಮಕ್ಕೆ ಐದು ಹಾಡು ರೆಡಿ ಆಗಬೇಕು. ಮೂರು ಆಗಿದೆ. ಸಂಜೆ 5ರಿಂದ 6.30 ಆದರೆ ನಡೆಯುತ್ತಾ?

ಮೂಲೆ ಮನೆ: ನಡೆಯುತ್ತೆ. ಭಾನುವಾರ ಮಧ್ಯಾಹ್ನ ಮಾತ್ರ ಬೇಡ. ಮಗು ಆಗಲೂ ಮಲಗುತ್ತೆ.

ಎದುರು ಮನೆ: ಸಹಿ ಕಾಗದ ಸದ್ಯಕ್ಕೆ ಎತ್ತಿಡ್ತೀನಿ. ಹರಿದು ಹಾಕಿಲ್ಲ, ನೆನಪಿರಲಿ.

ಹಿಂದಿನ ಬೀದಿ: ಶನಿವಾರ ಬೆಳಗ್ಗೆ ಪಟ್ಟಿ ಹಾಕೋಣ. ಶಟರ್ ಅಳತೆ ಯಾರಾದರೂ ಕಳಿಸಿ. ಡ್ರಿಲ್ ನಾನು ತರ್ತೀನಿ. ಹುಡುಗರು ನಾಲ್ಕೂ ಜನ ಇರಲೇಬೇಕು.