ಸೋಮವಾರದ ನೀಲಿ ಮಾತ್ರೆ: ನಮ್ಮ ಮನೆ ಗುಂಪಿನ ಜಗಳ

ನಮ್ಮ ಮನೆಯವರ ವಾಟ್ಸಾಪ್ ಗುಂಪಿನಲ್ಲಿ ಭಾನುವಾರ ರಾತ್ರಿ ನಡೆದ ಮಾತುಕತೆ ಇದು. ಎಲ್ಲರನ್ನೂ ಕೇಳಿಯೇ ಹಾಕುತ್ತಿದ್ದೇನೆ, ಹೆಸರು ತೆಗೆದಿದ್ದೇನೆ. ನಾನು ಹೈಸ್ಕೂಲ್ ಟೀಚರ್. ರಕ್ತಹೀನತೆ ಬಾರದಿರಲಿ ಅಂತ ಶಾಲೆಯಲ್ಲಿ ಸೋಮವಾರ ಕೊಡುವ ಕಬ್ಬಿಣದ ನೀಲಿ ಮಾತ್ರೆ ಹಂಚುವ ಕೆಲಸ ನನ್ನದೇ. ಅತ್ತಿಗೆಗೆ ಬಂದ ಮೆಸೇಜ್ ನಮ್ಮ ಶಾಲೆಯ ಪೋಷಕರ ಗುಂಪಿಗೂ ಬಂದಿದೆ. ಅದಕ್ಕೇ ಹಾಕಿದ್ದು.

ಅತ್ತಿಗೆ: (ಫಾರ್ವರ್ಡ್) "ತಾಯಂದಿರೇ ಎಚ್ಚರ!!! ಶಾಲೆಯಲ್ಲಿ ಸೋಮವಾರ ಕೊಡುವ ನೀಲಿ ಮಾತ್ರೆ ನುಂಗಿದ ಹೆಣ್ಣುಮಕ್ಕಳಿಗೆ ಮುಂದೆ ಗರ್ಭ ನಿಲ್ಲುವುದಿಲ್ಲ. ದೊಡ್ಡ ಡಾಕ್ಟರೊಬ್ಬರು ಹೇಳಿದ್ದು. ಹತ್ತು ಜನಕ್ಕೆ ಕಳಿಸಿ."

ಅತ್ತಿಗೆ: ನಮ್ಮ ಪುಟ್ಟಿ ಎಂಟನೇ ಕ್ಲಾಸು. ಹೋದ ವಾರ ಮಾತ್ರೆ ನುಂಗಿ ಬಂದವಳು ಹೊಟ್ಟೆ ತೊಳೆಸುತ್ತದೆ ಅಂತ ಮಲಗಿಬಿಟ್ಟಳು. ಮಾರನೇ ದಿನ ಕಕ್ಕಸು ಕಪ್ಪಗಾಗಿತ್ತಂತೆ. ನನಗೆ ಕೈಕಾಲೇ ಆಡಲಿಲ್ಲ. ಈಗ ಈ ಮೆಸೇಜ್ ಬೇರೆ.

ಭಾವ: ಯಾವ ಡಾಕ್ಟರ್? ಯಾವ ಆಸ್ಪತ್ರೆ? ಮೇಲೆ ಎರಡು ಬಾಣದ ಗುರುತು ಇದೆ ನೋಡಿ, ಎಷ್ಟೋ ಕೈ ದಾಟಿ ಬಂದಿದೆ. ಮೂಲ ಕೊಡಿ, ಇಲ್ಲದಿದ್ದರೆ ಡಿಲೀಟ್ ಮಾಡಿ.

ದೊಡ್ಡಪ್ಪ: ಹೆತ್ತವಳು ಹೆದರಿ ಕೇಳುತ್ತಿದ್ದಾಳೆ, ಅವಳಿಗೆ ಮೂಲ ಗೀಲ ಅನ್ನಬೇಡಿ. ನಮ್ಮ ಕಾಲದಲ್ಲಿ ಮಾತ್ರೆ ಎಲ್ಲಿತ್ತು? ರಾಗಿ ಮುದ್ದೆ, ಸೊಪ್ಪಿನ ಸಾರು ಉಂಡು ಬೆಳೆದೆವು. ನಮ್ಮಮ್ಮ ಒಂಬತ್ತು ಹೆತ್ತರು. ಈಗಿನವರು ಎಲ್ಲದಕ್ಕೂ ಮಾತ್ರೆ ನುಂಗುತ್ತಾರೆ.

ಚಿಕ್ಕಮ್ಮ: ಒಂಬತ್ತು ಹೆತ್ತರು, ಉಳಿದದ್ದು ಐದು. ಅದನ್ನೂ ಹೇಳಿ.

ತಮ್ಮ: ಅಜ್ಜಿ ಅಂದ ಕೂಡಲೇ ಹರಳೆಣ್ಣೆ ನೆನಪಾಯಿತು! ಬೇಸಿಗೆ ರಜೆಯಲ್ಲಿ ನಮ್ಮನ್ನೆಲ್ಲ ಪಡಸಾಲೆಯಲ್ಲಿ ಸಾಲಾಗಿ ಕೂರಿಸಿ, ಮೂಗು ಹಿಡಿದು ಕುಡಿಸುತ್ತಿದ್ದರಲ್ಲ, ಆಮೇಲೆ ಬಾಯಿಗೆ ಒಂದು ಚೂರು ಬೆಲ್ಲ. ಅಣ್ಣ ಹಲಸಿನ ಮರ ಹತ್ತಿ ಕೂತಿದ್ದ ನೆನಪಿದೆಯಾ? ಕುವೈತಿನಲ್ಲಿ ಕೂತು ಇದೆಲ್ಲ ನೆನೆಸಿಕೊಂಡರೆ ಹೊಟ್ಟೆ ಉರಿಯುತ್ತದೆ.

ಚಿಕ್ಕಮ್ಮ: ಮರದಿಂದ ಇಳಿಸಿದ್ದು ನಾನೇ.

ನಾನು: ಅತ್ತಿಗೆ, ಮೊದಲು ಪುಟ್ಟಿಯ ವಿಷಯ. ಕಪ್ಪಗಾಗುವುದು ಮೈಗೆ ಹಿಡಿಯದೆ ಉಳಿದ ಕಬ್ಬಿಣ ಹೊರಗೆ ಹೋಗುವುದರಿಂದ. ಕಬ್ಬಿಣದ ಮಾತ್ರೆ ತಿಂದ ಎಷ್ಟೋ ಜನಕ್ಕೆ ಆಗುತ್ತದೆ, ರಕ್ತ ಅಲ್ಲ. ಹೊಟ್ಟೆ ತೊಳೆಸುವುದು ಖಾಲಿ ಹೊಟ್ಟೆಯಲ್ಲಿ ನುಂಗಿದರೆ ಜಾಸ್ತಿ. ಅವಳು ಅವತ್ತು ಬಿಸಿಯೂಟ ಮಾಡಿದ್ದಳಾ ಕೇಳಿ.

ಅತ್ತಿಗೆ: ಇಲ್ಲವಂತೆ. ಹುಡುಗಿಯರೆಲ್ಲ ಸೇರಿ ಊಟ ಬಿಟ್ಟಿದ್ದರಂತೆ.

ನಾನು: ಅಲ್ಲೇ ಆಗಿದ್ದು ನೋಡಿ. ಇನ್ನು ಆ ಮಾತ್ರೆಯಲ್ಲಿ ಇರುವುದು 60 ಮಿಲಿಗ್ರಾಂ ಕಬ್ಬಿಣ, 500 ಮೈಕ್ರೋಗ್ರಾಂ ಫೋಲಿಕ್ ಆಮ್ಲ ಅನ್ನುವ ಬಿ ವಿಟಮಿನ್, ಅಷ್ಟೇ. ಅದೇ ಸ್ಟ್ರಿಪ್‌ನಿಂದ ಗಂಡುಮಕ್ಕಳಿಗೂ ಕೊಡುತ್ತೇವೆ. ಬಸುರಿಯರಿಗೆ ಕೊಡುವ ಕೆಂಪು ಮಾತ್ರೆಯಲ್ಲೂ ಇವೇ ಎರಡು, ಇಷ್ಟೇ ಪ್ರಮಾಣ. ನಮ್ಮ ಮಕ್ಕಳು ವಾರಕ್ಕೆ ಒಂದು ನುಂಗಿದರೆ ಬಸುರಿಯರು ನಾಲ್ಕನೇ ತಿಂಗಳಿಂದ ದಿನಾ ಒಂದರಂತೆ 180 ದಿನ ನುಂಗುತ್ತಾರೆ. ಗರ್ಭಕ್ಕೆ ಕೆಟ್ಟದ್ದಾಗಿದ್ದರೆ ಬಸುರಿಯರಿಗೇ ಯಾಕೆ ಕೊಡುತ್ತಿದ್ದರು? ಪುಟ್ಟಿ ಹೊಟ್ಟೆಯಲ್ಲಿದ್ದಾಗ ನೀವೂ ಕಬ್ಬಿಣದ ಮಾತ್ರೆ ತಿಂದಿದ್ದೀರಿ ಅಲ್ವಾ?

ಭಾವ: ನಾನು ಹೇಳಿದ್ದೂ ಇದೇ. ಈ ಗುಂಪಿನಲ್ಲಿ ಯಾರೂ ಓದದೆ ಕಳಿಸುತ್ತಾರೆ. 2020ರಲ್ಲಿ ಹಬೆ ತೆಗೆದುಕೊಂಡರೆ ಕೊರೊನಾ ಸಾಯುತ್ತದೆ ಅಂತ ಹಾಕಿದ್ದು ಯಾರು ಅಂತ ಎಲ್ಲರಿಗೂ ಗೊತ್ತು.

ದೊಡ್ಡಪ್ಪ: ಹೆಸರು ಹೇಳಿಯೇ ಬಿಡಿ ಅಳಿಯಂದಿರೇ. ಹಾಕಿದ್ದು ನಾನೇ. ಒಳ್ಳೆಯದಾಗಲಿ ಅಂತ ಹಾಕಿದ್ದೆ. ಅವತ್ತೂ ಎಲ್ಲರ ಎದುರು ಹೀಗೇ ಅವಮಾನ ಮಾಡಿದಿರಿ. ಗೃಹಪ್ರವೇಶಕ್ಕೂ ಮನೆಗೆ ಬಂದು ಕರೆಯಲಿಲ್ಲ, ವಾಟ್ಸಾಪಿನಲ್ಲಿ ಒಂದು ಕಾರ್ಡು ಎಸೆದಿರಿ. ಅದಕ್ಕೆ ಮೂಲ ಯಾವುದು?

ಭಾವ: ಲಾಕ್‌ಡೌನ್ ಇತ್ತು ಮಾವ.

ಚಿಕ್ಕಮ್ಮ: ಲಾಕ್‌ಡೌನ್ ಇದ್ದದ್ದು ಪಾಯ ತೆಗೆದಾಗ. ಗೃಹಪ್ರವೇಶಕ್ಕೆ ಇನ್ನೂರು ಜನ ಉಂಡೆವು.

(ಇಲ್ಲಿ ಇಪ್ಪತ್ತಕ್ಕೂ ಹೆಚ್ಚು ಮೆಸೇಜ್ ಬಿಟ್ಟಿದ್ದೇನೆ. ಎಲ್ಲವೂ ಯಾರನ್ನು ಯಾರು ಎಲ್ಲಿ ಕರೆಯಲಿಲ್ಲ ಅನ್ನುವುದೇ. ಅಷ್ಟರಲ್ಲಿ ಅತ್ತಿಗೆ ಎರಡು ಸಲ "ಹಾಗಾದರೆ ನಾಳೆ ಕೊಡಿಸಲಾ ಬೇಡವಾ" ಅಂತ ಕೇಳಿದ್ದರು. ಒಬ್ಬರೂ ಉತ್ತರ ಕೊಟ್ಟಿರಲಿಲ್ಲ. ಮಗಳಿಗೆ ಏನಾದರೂ ಆದೀತು ಅಂತ ಜೀವ ಹಿಡಿದುಕೊಂಡು ಕೂತವರನ್ನು ಬಿಟ್ಟು ಕಾರ್ಡಿನ ವಿಷಯಕ್ಕೆ ಕಿತ್ತಾಡಿದ್ದು ನನಗೆ ತುಂಬಾ ಬೇಸರ ತಂದಿತು. ಅದಕ್ಕೇ ಮುಂದಿನದು ಉದ್ದ ಆಯಿತು.)

ನಾನು: ಎಲ್ಲರೂ ಐದು ನಿಮಿಷ ಗೃಹಪ್ರವೇಶ ಬಿಡಿ. ನನ್ನ ಕ್ಲಾಸಿನ ಮಕ್ಕಳನ್ನು ನಾನು ದಿನಾ ನೋಡುತ್ತೇನೆ. ಪ್ರಾರ್ಥನೆಗೆ ನಿಂತಾಗ ಕಣ್ಣು ಕತ್ತಲೆ ಬಂದು ಕುಸಿದು ಕೂರುವ ಹುಡುಗಿಯರಿದ್ದಾರೆ. ಕಣ್ಣಿನ ಕೆಳರೆಪ್ಪೆ ಎಳೆದು ನೋಡಿದರೆ ಕೆಂಪೇ ಇರುವುದಿಲ್ಲ, ಬಿಳಚಿಕೊಂಡಿರುತ್ತದೆ. 2019-21ರ ರಾಷ್ಟ್ರೀಯ ಕುಟುಂಬ ಆರೋಗ್ಯ ಸಮೀಕ್ಷೆ ಪ್ರಕಾರ ದೇಶದಲ್ಲಿ 15ರಿಂದ 19 ವರ್ಷದ ನೂರು ಹುಡುಗಿಯರಲ್ಲಿ 59 ಮಂದಿಗೆ ರಕ್ತಹೀನತೆ. ಹುಡುಗರಲ್ಲಿ 31. ಇದು ನಮ್ಮ ಪುಟ್ಟಿಯ ಕಥೆಯೂ ಇರಬಹುದು.

ಈ ವಯಸ್ಸಿನಲ್ಲಿ ಮೈ ಸರಸರ ಬೆಳೆಯುತ್ತದೆ. ಹೊಸ ಮಾಂಸಖಂಡಕ್ಕೆ, ಹೊಸ ರಕ್ತಕ್ಕೆ ಕಬ್ಬಿಣ ಬೇಕು. ಹುಡುಗಿಯರಿಗೆ ಮುಟ್ಟಿನಲ್ಲಿ ತಿಂಗಳು ತಿಂಗಳು ಹೋಗುವುದು ಬೇರೆ. ಅದನ್ನು ತುಂಬಿಕೊಳ್ಳದೆ ಹಾಗೇ ಮದುವೆಯಾಗಿ ಬಸುರಿಯಾದರೆ ಹೊಟ್ಟೆಯ ಮಗುವಿಗೆ ಎಲ್ಲಿಂದ ಕೊಡುತ್ತಾಳೆ? ಮಗು ಕೊನೆಯ ಮೂರು ತಿಂಗಳಲ್ಲಿ ತಾಯಿಯಿಂದ ಕಬ್ಬಿಣ ಎಳೆದು ಕೂಡಿಟ್ಟುಕೊಳ್ಳುತ್ತದೆ, ಹುಟ್ಟಿದ ಮೇಲೆ ಸುಮಾರು ಆರು ತಿಂಗಳು ಅದರಲ್ಲೇ ಕಳೆಯುತ್ತದೆ. ಆ ವಯಸ್ಸಿನಲ್ಲಿ ಕಬ್ಬಿಣ ಕಡಿಮೆಯಾದರೆ ಮೆದುಳಿನ ಬೆಳವಣಿಗೆಗೇ ಪೆಟ್ಟು.

ಫೋಲಿಕ್ ಆಮ್ಲದ್ದು ಇನ್ನೂ ಮುಂಚಿನ ಕೆಲಸ. ಮಗುವಿನ ಮೆದುಳು, ಬೆನ್ನುಹುರಿ ಆಗುವ ನಾಳ ಗರ್ಭ ಕಟ್ಟಿದ ಸುಮಾರು 28 ದಿನದೊಳಗೆ ಮುಚ್ಚಿಕೊಳ್ಳುತ್ತದೆ. ಅಷ್ಟು ಹೊತ್ತಿಗೆ ಎಷ್ಟೋ ಹೆಂಗಸರಿಗೆ ತಾವು ಬಸುರಿ ಅನ್ನುವುದೇ ಗೊತ್ತಿರುವುದಿಲ್ಲ. ಗೊತ್ತಾದ ಮೇಲೆ ಮಾತ್ರೆ ಶುರು ಮಾಡಿದರೆ ಆ ಹೊತ್ತು ಕಳೆದಿರುತ್ತದೆ. ಬಸುರಿಗೆ ಮೊದಲೇ ಮೈಯಲ್ಲಿ ಇರಬೇಕು ಅನ್ನುವುದು ಅದಕ್ಕೇ.

ಭಾವ: ಇದಕ್ಕೆ ಮೂಲ?

ನಾನು: ಕೇಳಿದ್ದು ಒಳ್ಳೆಯದಾಯಿತು ಭಾವ. ಇದು ನಮ್ಮ ದೇಶದಲ್ಲೇ ಶುರುವಾದ ಕಥೆ. ಲೂಸಿ ವಿಲ್ಸ್ ಅನ್ನುವ ಇಂಗ್ಲಿಷ್ ವೈದ್ಯೆ 1928ರಲ್ಲಿ ಬಾಂಬೆಗೆ ಬಂದರು. ಬಟ್ಟೆ ಗಿರಣಿಯಲ್ಲಿ ದುಡಿಯುವ ಬಡ ಬಸುರಿಯರಿಗೆ ಯಾಕೆ ಅಷ್ಟು ರಕ್ತ ಕಡಿಮೆ ಅಂತ ನೋಡಿದರು. ಊಟದಲ್ಲಿ ಏನೋ ಒಂದು ಕಡಿಮೆ ಅಂತ ಅವರಿಗೆ ಅನಿಸಿತು. ಈಸ್ಟಿನ ಸಾರ ಕೊಟ್ಟು ನೋಡಿದರೆ ಗುಣವಾಯಿತು. 1931ರಲ್ಲಿ ಪ್ರಕಟಿಸಿದರು. ಹತ್ತು ವರ್ಷದ ಮೇಲೆ ಬೇರೆ ವಿಜ್ಞಾನಿಗಳು ಅದೇ ವಸ್ತುವನ್ನು ಪಾಲಕ್ ಸೊಪ್ಪಿನಿಂದ ಬೇರೆ ಮಾಡಿದರು, ಅದೇ ಫೋಲಿಕ್ ಆಮ್ಲ. ಬೆನ್ನುಹುರಿಯ ತೊಂದರೆ ಇರುವ ಮಗು ಒಮ್ಮೆ ಹುಟ್ಟಿದ್ದ ತಾಯಂದಿರಿಗೆ ಬಸುರಿಯಾಗುವ ಮೊದಲಿಂದಲೇ ಇದನ್ನು ಕೊಟ್ಟರೆ, ಮತ್ತೆ ಹಾಗಾಗುವುದು 72 ಶೇಕಡಾ ಕಡಿಮೆಯಾಗುತ್ತದೆ ಅಂತ ಬ್ರಿಟನ್ನಿನ ಮೆಡಿಕಲ್ ರಿಸರ್ಚ್ ಕೌನ್ಸಿಲ್ 1991ರಲ್ಲಿ ತೋರಿಸಿತು.

ಭಾವ: ಇದು ಸರಿ. ಓದುತ್ತೇನೆ.

ದೊಡ್ಡಪ್ಪ: ಸೊಪ್ಪು ಅಂತಲೇ ಅಲ್ವಾ ನಾನೂ ಹೇಳಿದ್ದು?

ನಾನು: ಹೌದು ದೊಡ್ಡಪ್ಪ, ಸೊಪ್ಪು ಬೇಕೇ ಬೇಕು. ರಾಗಿಯಲ್ಲೂ ಕಬ್ಬಿಣ ಇದೆ. ಆದರೆ ಸೊಪ್ಪು ಕಾಳುಗಳಲ್ಲಿರುವ ಕಬ್ಬಿಣ ಮೈಗೆ ಹಿಡಿಯುವುದು ಸ್ವಲ್ಪವೇ. ರಾಗಿ ಮೊಳಕೆ ಕಟ್ಟಿದರೆ, ಸಾರಿಗೆ ನಿಂಬೆಹುಳಿ ಹಿಂಡಿದರೆ ಜಾಸ್ತಿ ಹಿಡಿಯುತ್ತದೆ. ಊಟದ ಹಿಂದೆಯೇ ಕಾಫಿ ಕುಡಿದರೆ ಕಡಿಮೆಯಾಗುತ್ತದೆ. ನಮ್ಮ ಮನೆಯಲ್ಲಿ ಎಲ್ಲರಿಗೂ ಕೈ ತೊಳೆಯುವ ಮುಂಚೆಯೇ ಕಾಫಿ ಬೇಕು. ಇಷ್ಟು ರಕ್ತ ಕಡಿಮೆ ಇರುವ ಮಕ್ಕಳಿಗೆ ಊಟ ಒಂದೇ ಸಾಲುವುದಿಲ್ಲ.

ಇನ್ನೊಂದು ಹೇಳಲೇಬೇಕು. ಇಂಥ ಮೆಸೇಜ್ ಬಂದ ವಾರ ಮಕ್ಕಳು ಮಾತ್ರೆಯನ್ನು ನಾಲಿಗೆ ಕೆಳಗೆ ಇಟ್ಟುಕೊಂಡು, ನನಗೆ ಬಾಯಿ ತೆರೆದು ತೋರಿಸಿ, ಸೈಕಲ್ ಸ್ಟ್ಯಾಂಡ್ ಹಿಂದೆ ಹೋಗಿ ಉಗಿಯುತ್ತಾರೆ. ಆ ಗೋಡೆ ಬುಡದಲ್ಲಿ ನೀಲಿ ಕಲೆ ಕಾಣುತ್ತದೆ. ಹಾಗೆ ಉಗಿದವರಲ್ಲಿ ಇಬ್ಬರು ಪ್ರಾರ್ಥನೆಯಲ್ಲಿ ಕುಸಿದು ಕೂರುವವರೇ. ಅವರ ಅಮ್ಮಂದಿರು ಒಳ್ಳೆಯದಕ್ಕೇ ಬೇಡ ಅಂದಿರುತ್ತಾರೆ, ನಿಮ್ಮ ಹಾಗೇ ಅತ್ತಿಗೆ. ಹೆದರಿಸಿದವನು ಮಾತ್ರ ಯಾರೋ ಏನೋ.

ತಮ್ಮ: ನಾನು ಅದೇ ಮೆಸೇಜನ್ನು ಆಫೀಸ್ ಗುಂಪಿಗೆ ಕಳಿಸಿಬಿಟ್ಟೆನಲ್ಲ.

ಚಿಕ್ಕಮ್ಮ: ಈಗಲೇ ಹೋಗಿ ಅಳಿಸು. ಅಳಿಸಿ ಟೀಚರಮ್ಮ ಹೇಳಿದ್ದನ್ನು ಹಾಕು.

ಅತ್ತಿಗೆ: ಸರಿ. ಅವಳ ಅಪ್ಪನಿಗೂ ಓದಿ ಹೇಳಿದೆ. ಆದರೂ ಒಳಗೆ ಒಂಚೂರು ಪುಕುಪುಕು ಇದೆ. ನಾಳೆ ಏನು ಮಾಡಲಿ ಹೇಳು.

ನಾನು: ನಾಳೆ ಹೊಟ್ಟೆ ತುಂಬಾ ಬಿಸಿಯೂಟ ಮಾಡಿ ಆಮೇಲೆ ನುಂಗಲಿ, ಅಗಿಯುವುದು ಬೇಡ, ನೀರು ಕುಡಿಯಲಿ. ಟೀ ಕಾಫಿ ಹಿಂದೆ ಮುಂದೆ ಒಂದು ಗಂಟೆ ಬೇಡ. ಈ ವಾರ ಪಿಎಚ್‌ಸಿಗೆ (ಪ್ರಾಥಮಿಕ ಆರೋಗ್ಯ ಕೇಂದ್ರ) ಕರೆದುಕೊಂಡು ಹೋಗಿ ರಕ್ತದ ಹಿಮೋಗ್ಲೋಬಿನ್ ನೋಡಿಸಿ. ಅವಳ ವಯಸ್ಸಿಗೆ 12 ಇರಬೇಕು. ಅದಕ್ಕಿಂತ ಕಡಿಮೆ ಬಂದರೆ ವಾರಕ್ಕೊಂದು ಮಾತ್ರೆ ಸಾಲುವುದಿಲ್ಲ, 8ಕ್ಕಿಂತ ಕಡಿಮೆ ಬಂದರಂತೂ ಡಾಕ್ಟರ್ ನೋಡಲೇಬೇಕು. ತಲಸೇಮಿಯಾ ಥರ ರಕ್ತದ ಕಾಯಿಲೆ ಮನೆಯಲ್ಲಿ ಯಾರಿಗಾದರೂ ಇದ್ದರೆ ಅದನ್ನೂ ಮೊದಲೇ ಹೇಳಿ. ಹುಳದ ಮಾತ್ರೆ ಹೋದ ಸಲ ತಿಂದಿದ್ದಳಾ ಕೇಳಿ, ಕೊಕ್ಕೆಹುಳ ಇದ್ದರೆ ಅದೂ ರಕ್ತ ಹೀರುತ್ತದೆ.

ಅತ್ತಿಗೆ: ಬುಧವಾರ ಹೋಗುತ್ತೇವೆ. ರಿಪೋರ್ಟ್ ನಿನಗೆ ಮಾತ್ರ ಕಳಿಸುತ್ತೇನೆ, ಗುಂಪಿಗೆ ಹಾಕಲ್ಲ.