ಅಪ್‌ಡೇಟ್: ಪೈ, ಆಲ್ಫಾ, ಸಿಗ್ಮಾ ಟೈಪ್ ಮಾಡೋ ಸಮಸ್ಯೆ ಬಗೆಹರಿಯಿತು

ಆಲ್ಟ್ ಒತ್ತಿ 227 ಹೊಡೆದರೂ π ಬರುತ್ತಿಲ್ಲ ಅಂತ ಕೇಳಿದ್ದೆನಲ್ಲ, ತಪ್ಪು ನನ್ನದೇ. ಆ ಅಂಕಿಗಳನ್ನು ಬಲಗಡೆಯ ನಂಬರ್ ಪ್ಯಾಡ್‌ನಲ್ಲೇ ಒತ್ತಬೇಕು, ನಾನು ಸುಮ್ನೆ ಮೇಲಿನ ಸಾಲಿನಲ್ಲಿ ಕುಟ್ಟುತ್ತಿದ್ದೆ. ನನ್ನ ಲ್ಯಾಪ್‌ಟಾಪ್‌ನಲ್ಲಿ ಆ ಪ್ಯಾಡೇ ಇಲ್ಲ!

ಹಾಗಾಗಿ ಈಗ ವರ್ಡ್‌ನಲ್ಲಿ ಬೇಕಾದ ಚಿಹ್ನೆಯ ಕೋಡ್, ಉದಾಹರಣೆಗೆ 2264 ಅಂತ ಬರೆದು ಆಲ್ಟ್ ಜೊತೆ ಎಕ್ಸ್ ಒತ್ತುತ್ತೇನೆ, ≤ ಬರುತ್ತದೆ. 2260 ಕೊಟ್ಟರೆ ≠, 2211 ಕೊಟ್ಟರೆ ∑. ಒಂದೇ ಕಿರಿಕಿರಿ, ಕೋಡ್‌ಗಿಂತ ಮೊದಲು 5ರಂಥ ಅಂಕಿ ಅಂಟಿಕೊಂಡಿದ್ದರೆ ಅದನ್ನೂ ಸೇರಿಸಿ 52264 ಅಂತ ಓದಿಬಿಡುತ್ತದೆ, ಆಗ ಕೋಡ್ ಮಾತ್ರ ಸೆಲೆಕ್ಟ್ ಮಾಡಿ ಒತ್ತಬೇಕು.

ಗ್ರೀಕ್ ಅಕ್ಷರ ಜಾಸ್ತಿ ಇದ್ದರೆ ಆಲ್ಟ್ ಮತ್ತು = ಒತ್ತಿ ಈಕ್ವೇಶನ್ ಬಾಕ್ಸ್ ತೆರೆಯುವುದೇ ಸುಲಭ. ಬ್ಯಾಕ್‌ಸ್ಲ್ಯಾಶ್ ಹಾಕಿ ಇಂಗ್ಲಿಷಿನಲ್ಲಿ ಡೆಲ್ಟಾ ಅಂತ ಬರೆದು ಸ್ಪೇಸ್ ಒತ್ತಿದರೆ δ, ಮೊದಲಕ್ಷರ ಕ್ಯಾಪಿಟಲ್ ಆದರೆ Δ. ನೆನಪಿಡಲು ಯಾವ ನಂಬರೂ ಬೇಕಿಲ್ಲ, ಇದನ್ನು ಮೊದಲೇ ಹಿಡಿಯಬೇಕಿತ್ತು ಅಲ್ವಾ!