ಅಪ್‌ಡೇಟ್: ಕಾಕಾನ ಫೈಬ್ರೋಸ್ಕ್ಯಾನ್ ಕಥಿ

ಫೈಬ್ರೋಸ್ಕ್ಯಾನ್ನ್ಯಾಗ (ಲಿವರ್ ಎಷ್ಟು ಬಿರುಸೈತಿ ಅಂತ ಅಳಿಯೋ ಸ್ಕ್ಯಾನ್) ಕಾಕಾನ ಲಿವರ್ ಬಿರುಸು ಜಾಸ್ತಿ, 8.6 ಕಿಲೋಪ್ಯಾಸ್ಕಲ್ ಬಂದೈತಿ, ಏನ್ ಮಾಡೂದು ಅಂತ ಹಿಂದ ಇಲ್ಲಿ ಕೇಳಿದ್ನೆಲ್ಲಾ? "ಖಾಲಿ ಹೊಟ್ಟಿಲೆ ಮತ್ತೊಮ್ಮೆ ಮಾಡಸ್ರಿ" ಅಂದವ್ರ ಮಾತು ಖರೆ ಆತು. ಮೊದಲ್ನೇ ಸಲ ಹುಬ್ಬಳ್ಳ್ಯಾಗ ಗಿರ್ಮಿಟ್, ಮಿರ್ಚಿ ತಿಂದು ಸೀದಾ ಸ್ಕ್ಯಾನಿಗೆ ಹೋಗಿದ್ರು. ಅಲ್ಲಿ ಯಾರೂ ಕೇಳಲೂ ಇಲ್ಲ! ಈ ಸಲ ಧಾರವಾಡದಾಗ ಮುಂಜಾನೆ ಏನೂ ತಿನ್ನದ ಮಾಡಸಿದ್ವಿ, 6.1 ಬಂತು.

ಡಾಕ್ಟರ್ ಹೇಳಿದ್ದು: ಉಂಡಮ್ಯಾಲೆ ಕರುಳಿಂದ ಪೋರ್ಟಲ್ ರಕ್ತನಾಳದಾಗ ಲಿವರಿಗೆ ರಕ್ತ ಜಾಸ್ತಿ ಹರೀತೈತಿ, ಗಾಳಿ ತುಂಬಿದ ಟ್ಯೂಬಿನಂಗ ಲಿವರ್ ಬಿರುಸಾಗತೈತಿ. ಲಿವರ್ ಕೆಡದಿದ್ರೂ ಅಂಕಿ ಏರತೈತಿ. ಕಮ್ಮೀತಕಮ್ಮಿ 3 ತಾಸು ಉಪವಾಸ ಬೇಕು. ನನಗ ಗೊತ್ತಿರದಿದ್ದು ಇನ್ನೊಂದು: ಹೃದಯ ಸೋತು ರಕ್ತ ಲಿವರಿನ್ಯಾಗ ನಿಂತ್ರೂ ಹಿಂಗ ಆಗತೈತಂತ. ಅದಕ್ಕ ಎಕೋನೂ (ಹೃದಯದ ಸ್ಕ್ಯಾನ್) ಮಾಡಸಿದ್ರು, ನಾರ್ಮಲ್ ಐತಿ.

ಕಷಾಯ ಕುಡಸ್ರಿ ಅಂತ ಹೇಳಿದವ್ರಿಗೆ: ಕಾಕಾನ ಬಾಯಿ ಕಹಿ ಆತು, ಅಷ್ಟ.